ಬೆಳ್ಳಪ್ಪನವರ ಮೊದಲ ಎಡೆ

ಬೆಳ್ಳಪ್ಪನವರು ತೀರಿಕೊಂಡು ಏಳು ತಿಂಗಳಾದ ಮೇಲೆ ಅವರ ಊಟದ ವಿಷಯಕ್ಕೆ ಮನೆಯಲ್ಲಿ ಜಗಳ ಹತ್ತಿತು.

ಎಂಬತ್ತೊಂದನೆಯ ಇಸವಿ. ಗಣಪತಿಯನ್ನು ನೀರಿಗೆ ಬಿಟ್ಟು ಎರಡು ದಿನವಾಗಿತ್ತು. ಮಹಾಲಯ ಅಮಾವಾಸ್ಯೆಗೆ ಇನ್ನು ಮೂರು ವಾರ. ಅವತ್ತು ಹಿರಿಯರಿಗೆ ಎಡೆ ಇಡುವುದು ಹೊಸನಗರದ ಹತ್ತಿರದ ಆ ಮನೆಯಲ್ಲಿ ಯಾವ ಕಾಲದಿಂದಲೋ ನಡೆದುಬಂದ ಕ್ರಮ. ನಡುಕೋಣೆಯಲ್ಲಿ ಬಾಳೆಲೆ ಹಾಕಿ, ಹೋದವರು ಬದುಕಿದ್ದಾಗ ಏನನ್ನು ಇಷ್ಟಪಟ್ಟು ಉಣ್ಣುತ್ತಿದ್ದರೋ ಅದನ್ನೆಲ್ಲ ಬಡಿಸಬೇಕು. ಆಮೇಲೆ ಬಾಗಿಲು ಮುಂದೆ ಮಾಡಿ ಹೊರಗೆ ಬಂದು ಕೂರಬೇಕು. ಒಂದು ಊಟ ಮುಗಿಯುವಷ್ಟು ಹೊತ್ತಾದ ಮೇಲೆ ಮನೆಯ ಗಂಡಸು ಮೂರು ಸಲ ಕೆಮ್ಮಿ ಬಾಗಿಲು ತೆಗೆಯಬೇಕು. ಅದರಲ್ಲೂ ಸತ್ತ ವರ್ಷದ ಮೊದಲ ಎಡೆ ದೊಡ್ಡದು. ಅದನ್ನು ಮನಸ್ಸಿಟ್ಟು ಉಂಡರೆ ಹೋದವರು ಹಿರಿಯರ ಸಾಲಿಗೆ ಸೇರುತ್ತಾರೆ. ಉಣ್ಣದೆ ಎದ್ದರೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ.

"ಎಡೆಗೆ ಮೀನು ಬ್ಯಾಡ ಶರಾವತಿ. ಬೇಳೆ ಸಾರು, ಕಡುಬು, ಪಾಯಸ ಸಾಕು," ಎಂದು ವರದಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತ ಸೊಸೆಗೆ ಹೇಳಿದರು.

ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ದುಗ್ಗಮ್ಮನ ಕೈ ನಿಂತಿತು. ದುಗ್ಗಮ್ಮ ಬೆಳ್ಳಪ್ಪನವರ ಅಕ್ಕ. ತೀರ್ಥಹಳ್ಳಿಗೆ ಕೊಟ್ಟ ಹೆಣ್ಣು, ಎಪ್ಪತ್ತು ದಾಟಿದವರು. ಗಣಪತಿ ಹಬ್ಬಕ್ಕೆಂದು ಬಂದವರು ತಮ್ಮನ ಎಡೆ ಮುಗಿಸಿಕೊಂಡೇ ಹೋಗುವುದೆಂದು ಚೀಲ ಬಿಚ್ಚಿ ಇಟ್ಟಿದ್ದರು.

"ಎಂತ ಅಂದೆ ವರದಾ? ಬೆಳ್ಳನಿಗೆ ಮೀನಿಲ್ಲದ ಎಡೆಯಾ?"

"ಎರಡೂವರೆ ವರ್ಷ ಮುಟ್ಟಲಿಲ್ಲ ಅತ್ತಿಗಮ್ಮ, ಅವ್ರು. ತುಳಸಿ ನೀರು ಕುಡ್ಕಂಡು ಹೋದ ಜೀವ. ಈಗ ಎಲೆ ಮೇಲೆ ಮೀನಿಟ್ರೆ ಎದ್ದು ಹೋಗ್ತಾರೆ."

"ಅರವತ್ತು ವರ್ಷ ತಿಂದಿದ್ದು ಸುಳ್ಳಾ ಹಂಗಾರೆ? ಎರಡೂವರೆ ವರ್ಷದ್ದು ಮಾತ್ರ ನಿಜವಾ?"

"ಕಡೇಲಿ ಹೆಂಗಿದ್ರೋ ಅದೇ ಮನುಷ್ಯ."

"ಕಡೇಲಿ ಅವನ ಬಾಯಲ್ಲಿ ಹಲ್ಲೂ ಇರ್ಲಿಲ್ಲ. ಹಂಗಂತ ಗಂಜಿ ಇಡ್ತೀಯಾ?"

ಒಳಗೆ ಒಲೆಯ ಮುಂದಿದ್ದ ಶರಾವತಿಗೆ ನಗು ಬಂತು. ಅದರ ಹಿಂದೆಯೇ ಇನ್ನೇನೋ ಬಂದು ನಗುವನ್ನು ತಡೆಯಿತು. ಅವಳು ಒಲೆಯ ಬೆಂಕಿ ಮುಂದಕ್ಕೆ ಮಾಡಿ ಎದ್ದಳು. ಗೂಡಿನಲ್ಲಿ ಒಂದು ಸಣ್ಣ ಅಲ್ಯೂಮಿನಿಯಂ ಪಾತ್ರೆ ಬೋರಲು ಮಲಗಿತ್ತು. ಮನೆಯಲ್ಲಿ ಅದಕ್ಕೆ ಮಾವಯ್ಯನ ಪಾತ್ರೆ ಎಂದೇ ಹೆಸರು. ಏಳು ತಿಂಗಳಿಂದ ಅದನ್ನು ಯಾರೂ ಇಳಿಸಿರಲಿಲ್ಲ.

ಶರಾವತಿ ಸಾಗರದ ಕಡೆಯವಳು, ಹೊನ್ನೆಮರಡಿನ ಹತ್ತಿರದ ಗೌಡರ ಮನೆಯ ಹೆಣ್ಣು. ಲಿಂಗನಮಕ್ಕಿಯ ನೀರು ನಿಂತ ಮೇಲೆ ಗದ್ದೆ ಹೋಗಿ ಬಲೆ ಬಂದ ಮನೆ ಅದು. ಹೆಣ್ಣು ನೋಡಲು ಬಂದ ದಿನ ಬೆಳ್ಳಪ್ಪನವರು ಅವಳು ಉಪ್ಪಾಗೆ ಹಣ್ಣಿನ ಹುಳಿ ಹಾಕಿ ಮಾಡಿದ ಮೀನು ಸಾರನ್ನು ಮೂರು ಸಲ ಹಾಕಿಸಿಕೊಂಡಿದ್ದರು. ಕೈ ತೊಳೆಯಲು ಅಂಗಳಕ್ಕೆ ಇಳಿದು, ಒಳಗೆ ಎಲ್ಲರಿಗೂ ಕೇಳುವ ಹಾಗೆ, "ಹುಡುಗ ಹುಡುಗೀನ ನೋಡ್ಲಿ ಬಿಡ್ಲಿ, ನಾನಂತೂ ನೋಡಿ ಆಯ್ತು," ಎಂದಿದ್ದರು. ಮದುವೆಯಾಗಿ ಬಂದ ಮೇಲೆ ವಾರಕ್ಕೆ ಎರಡು ದಿನ ಮೀನು. ಮಾವಯ್ಯ ಮಾತಿನ ಮನುಷ್ಯರಲ್ಲ. "ಇನ್ನೊಂದು ಹೋಳು ಹಾಕ್ಲಾ ಮಾವಯ್ಯ?" ಎಂದು ಅವಳು ಕೇಳಬೇಕು, ತಲೆ ಎತ್ತದೆ "ಹಾಕು" ಎಂದು ಅವರು ಹೇಳಬೇಕು. ಮಾವ ಸೊಸೆಯ ನಡುವೆ ಇದ್ದ ಮಾತುಕತೆಯೆಲ್ಲ ಅಷ್ಟೆ. ಅದು ಅವಳಿಗೆ ಸಾಕಾಗಿತ್ತು.

ಎಪ್ಪತ್ತೆಂಟರ ಆಷಾಢದಲ್ಲಿ ಅವಳಿಗೆ ಹೆರಿಗೆಯ ನೋವು ಬಂದು ಎರಡು ದಿನವಾದರೂ ಮಗು ಹೊರಗೆ ಬರಲಿಲ್ಲ. ಊರಿನ ಸೂಲಗಿತ್ತಿ ಕೈಚೆಲ್ಲಿದಳು. ಜೀಪು ಮಾಡಿಕೊಂಡು ತೀರ್ಥಹಳ್ಳಿಯ ಆಸ್ಪತ್ರೆಗೆ ಹೊರಟರು. ಹಿಂದೆ ಗಂಡ ಸುಬ್ಬರಾಯ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಡ್ರೈವರಿನ ಪಕ್ಕದಲ್ಲಿ ಮಾವಯ್ಯ. ದಾರಿಯ ನಡುವೆ ಹುಂಚ ಬಂದಾಗ ಜೀಪು ನಿಂತಿತು. ಅರೆ ಎಚ್ಚರದಲ್ಲಿದ್ದರೂ ಶರಾವತಿಗೆ ಮಾವಯ್ಯನ ದನಿ ಚೆನ್ನಾಗಿ ಕೇಳಿಸಿತು. "ನೀವು ಹೋಗಿ. ನಂಗಿಲ್ಲಿ ಕೆಲ್ಸ ಉಂಟು." ತಗಡಿನ ಬಾಗಿಲು ಬಡಿಯಿತು, ಜೀಪು ಹೊರಟಿತು. ಅವರ ಕೊಡೆ ಸೀಟಿನಲ್ಲೇ ಉಳಿದಿತ್ತು.

ಮಗು ಉಳಿಯಿತು, ಹೆಣ್ಣು. ಅವಳೂ ಉಳಿದಳು. ಆದರೆ ಡಾಕ್ಟರಮ್ಮ ಅವಳ ಗರ್ಭಚೀಲವನ್ನು ತೆಗೆಯಬೇಕಾಯಿತು. ಮಾವಯ್ಯ ಮರುದಿನ ಬಸ್ಸಿನಲ್ಲಿ ಬಂದು, ವಾರ್ಡಿನ ಬಾಗಿಲಲ್ಲಿ ನಿಂತು, ಮಗುವನ್ನೂ ಅವಳನ್ನೂ ಒಂದು ಗಳಿಗೆ ನೋಡಿ ಹೊರಟುಹೋದರು. ಒಳಕ್ಕೆ ಕಾಲಿಡಲಿಲ್ಲ.

ಬಾಣಂತನ ಮುಗಿದು ಅವಳು ಒಲೆಯ ಮುಂದೆ ಕೂತ ಮೊದಲ ದಿನ ಮೀನು ಸಾರು ಮಾಡಿದ್ದಳು. ಮಾವಯ್ಯ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು.

"ನಂಗೆ ಬ್ಯಾಡ ಕಣವ್ವ. ಇನ್ನು ಮೇಲೆ ಬ್ಯಾಡ."

ಯಾಕೆ ಎಂದು ಯಾರು ಕೇಳಿದರೂ "ಸಾಕಾತು" ಎಂದರೇ ಹೊರತು ಬೇರೆ ಮಾತಿಲ್ಲ. ಕಾರಣ ಶರಾವತಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದಳು. ಹೆತ್ತಿದ್ದು ಹೆಣ್ಣು, ಇನ್ನು ಹೆರುವ ಹಾಗಿಲ್ಲ. ಈ ಸೊಸೆಯ ಕೈಯ ಮೀನು ಇನ್ನು ಅವರ ಗಂಟಲಲ್ಲಿ ಇಳಿಯುವುದಿಲ್ಲ. ಅಂದಿನಿಂದ ಅವಳು ಸಣ್ಣ ಪಾತ್ರೆಯಲ್ಲಿ ಅವರಿಗೆಂದೇ ಬೇಳೆ ಸಾರು ಮಾಡಿದಳು. ಆ ಪಾತ್ರೆಯನ್ನು ಅವರ ಮುಂದೆ ಇಡುವಾಗ ಕುಕ್ಕಿಯೇ ಇಡುತ್ತಿದ್ದಳು. ಒಂದು ಸೌಟು ಹಾಕಿ ಒಳಗೆ ಹೋಗುತ್ತಿದ್ದಳು. ಇನ್ನೊಂದು ಸೌಟು ಹಾಕ್ಲಾ ಎಂದು ಎರಡೂವರೆ ವರ್ಷದಲ್ಲಿ ಒಂದು ದಿನವೂ ಕೇಳಲಿಲ್ಲ. ಅವರೂ ಕೇಳಲಿಲ್ಲ.

*

ಸುಬ್ಬರಾಯ ಹೊಸನಗರದ ಸೊಸೈಟಿಯಲ್ಲಿ ಗುಮಾಸ್ತ. ಸಂಜೆ ಸೈಕಲ್ಲು ಗೋಡೆಗೆ ಒರಗಿಸಿ ಒಳಗೆ ಬಂದರೆ ಅವನಿಗೆ ಮೊದಲು ಕಾಫಿ ಬೇಕು. ಆ ವಾರವೆಲ್ಲ ಕಾಫಿಗಿಂತ ಮೊದಲು ಫಿರ್ಯಾದು ಬರುತ್ತಿತ್ತು.

"ನೀನೇ ಹೇಳು ಮಾರಾಯ. ನಿಮ್ಮಪ್ಪಯ್ಯಂಗೆ ಎಡೇಲಿ ಮೀನು ಬೇಕಾ ಬ್ಯಾಡ್ವಾ?" ಎಂದರು ದುಗ್ಗಮ್ಮ.

"ಸತ್ತೋರು ಉಣ್ತಾರೆ ಅಂತ ಯಾರು ಕಂಡಿದಾರೆ ಅತ್ತೆ? ಎಂತ ಇಟ್ರೂ ಕಡೀಗೆ ತಿನ್ನೋರು ನಾವೇ ಅಲ್ದಾ? ನಂಗೆ ಮೀನಾದ್ರೆ ಒಳ್ಳೇದು."

"ಇವನ ಸೊಸೈಟಿಗೆ ಬೆಂಕಿ ಹಾಕ. ಯೂರಿಯಾ ಬಂದಿದ್ಯಾ ಇಲ್ವಾ ಅಂದ್ರೆ ಹೇಳಾಕೆ ಬರಾದಿಲ್ಲ, ಸತ್ತೋರ ವಿಚಾರ ಮಾತ್ರ ಎಲ್ಲಾ ಗೊತ್ತು," ಎಂದು ದುಗ್ಗಮ್ಮ ಗೊಣಗಿದರು.

"ಅವ್ವ, ನಿಂಗೆ ಹೇಳ್ತೀನಿ, ಅಪ್ಪಯ್ಯ ಮೀನು ಬಿಟ್ಟ ಮೇಲೆ ನೀನು ಬಿಟ್ಯಾ?" ಎಂದು ಸುಬ್ಬರಾಯ ತಾಯಿಯ ಕಡೆ ತಿರುಗಿದ.

ವರದಮ್ಮ ಮೊರ ಕೆಳಗಿಟ್ಟರು. "ನಾನು ಒಣಸಿಗಡಿ ಚಟ್ನಿ ತಿಂದಿದ್ದು ಹಿತ್ಲ ಬಾಗ್ಲಲ್ಲಿ. ಅವರ ಎದ್ರಿಗೆ ಒಂದು ದಿನ ತಿಂದಿಲ್ಲ."

"ವಾಸನೆ ಎದ್ರಿಗೇ ಬರ್ತಿತ್ತು."

"ಎದ್ದು ಕಾಫಿ ಕುಡಿ ಹೋಗು."

ಮೂರು ವರ್ಷದ ಪದ್ಮಾವತಿ ಅಪ್ಪನ ಕಾಲಿಗೆ ತೆಕ್ಕೆ ಬಿದ್ದು, "ಅಜ್ಜ ಯಾವಾಗ ಬರ್ತಾರೆ?" ಎಂದು ಕೇಳಿದಳು. ಆ ಹೆಸರಿಗೂ ಆಗ ಒಂದು ಜಗಳ ನಡೆದಿತ್ತು. ಮೊದಲ ಮೊಮ್ಮಗಳಿಗೆ ವರದಾ ಎಂದು ಅಜ್ಜಿಯ ಹೆಸರಿಡಬೇಕೆಂದು ಎಲ್ಲರೂ ಹೇಳಿದರೆ, ಬೆಳ್ಳಪ್ಪನವರೊಬ್ಬರೇ "ಪದ್ಮಾವತಿ" ಎಂದು ಕೂತರು. ಎಲ್ಲಿಂದ ತಂದರಪ್ಪ ಈ ಹೆಸರು ಎಂದು ವರದಮ್ಮ ತಿಂಗಳುಗಟ್ಟಲೆ ಗೊಣಗಿದ್ದರು.

ಎರಡನೆಯ ವಾರ ಜಗಳ ಊಟದ ಮೇಲೆ ಬಂತು. ದುಗ್ಗಮ್ಮ ಅಕ್ಕಪಕ್ಕದ ಮನೆಗಳಿಗೆ ಹೋಗಿ ಪಂಚಾಯಿತಿ ಮಾಡಿ ಬಂದರು. ವರದಮ್ಮ ಎರಡು ಹೊತ್ತು ಅನ್ನ ಬಿಟ್ಟರು. ಮೂರನೆಯ ಹೊತ್ತಿಗೆ ದುಗ್ಗಮ್ಮ ಚೀಲದೊಳಗೆ ಸೀರೆ ತುರುಕತೊಡಗಿದರು.

"ನಾನು ತೀರ್ಥಳ್ಳೀಲೇ ಎಡೆ ಇಡ್ತೀನಿ ಬಿಡು. ನನ್ನ ತಮ್ಮ ಎಲ್ಲಿ ಮೀನಿದ್ಯೋ ಅಲ್ಲಿಗೆ ಬತ್ತಾನೆ. ನೀನು ಬಾಗ್ಲು ಹಾಕ್ಕಂಡು ಬೇಳೆ ಕಾಯ್ಕಂಡು ಕೂತ್ಕ."

"ಮೊದಲ್ನೇ ಎಡೆ ಎರಡು ಮನೇಲಿ ಇಟ್ರೆ ಅವ್ರು ಎತ್ಲಾಗೆ ಹೋಗದು ಅತ್ತಿಗಮ್ಮ? ದಾರೀಲಿ ನಿಂತ್ಕಂಡ್ರೆ?" ವರದಮ್ಮನ ದನಿ ಇದ್ದಕ್ಕಿದ್ದ ಹಾಗೆ ಸಣ್ಣದಾಯಿತು. ಸೆರಗಿನಿಂದ ಮುಖ ಒರೆಸಿಕೊಂಡರು. "ಬದುಕಿದ್ದಾಗ ಅವ್ರ ಮನಸ್ನಾಗೆ ಎಂತ ಉಂಟು ಅಂತ ತಿಳೀಲೇ ಇಲ್ಲ. ಸತ್ತ ಮೇಲಾದ್ರೂ ತಪ್ಪು ಮಾಡಬಾರ್ದು ಅಂತ ನಂಗೆ. ಅಷ್ಟೆಯ."

ದುಗ್ಗಮ್ಮ ಸೀರೆ ತುರುಕುವುದನ್ನು ನಿಲ್ಲಿಸಿ ಸೊಸೆಯ ಕಡೆ ತಿರುಗಿದರು. "ಶರಾವತಿ, ಬೇಯ್ಸಿ ಹಾಕಿದವಳು ನೀನು. ನೀನು ಹೇಳು, ನಾವಿಬ್ರೂ ಕೇಳ್ತೀವಿ."

ಶರಾವತಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಯಾರ ಮುಂದೆಯೂ ದನಿ ಎತ್ತಿ ಗೊತ್ತಿಲ್ಲದವಳು. ಹೇಳಬಾರದೆಂದು ಮೂರು ವರ್ಷ ತಡೆದಿದ್ದ ಮಾತು ತಾನಾಗಿಯೇ ಹೊರಗೆ ಬಂತು.

"ನನ್ನ ಕೇಳಬ್ಯಾಡಿ ದೊಡ್ಡತ್ತೆ. ಅವರಿಗೆ ಬ್ಯಾಡ ಆಗಿದ್ದು ಮೀನಲ್ಲ. ನಾನು. ನಾನು ಸಾಯ್ತಾ ಬಿದ್ದಿದ್ದಾಗ ಹುಂಚದಲ್ಲಿ ಇಳ್ಕಂಡು ಹೋದೋರು ಅವ್ರು. ಹೆಣ್ಣು ಹುಟ್ತು, ಮತ್ತೆ ಮಕ್ಕಳಾಗಲ್ಲ ಅಂತ ತಿಳೀತು, ಅವತ್ತಿಂದ ನನ್ನ ಕೈ ಮೀನು ಮುಟ್ಟಲಿಲ್ಲ. ಈಗ ನಾನೇ ಮಾಡಿ ಬಡಿಸಿದ್ರೆ ಉಣ್ತಾರಾ?"

ಸುಬ್ಬರಾಯ ಹೆಂಡತಿಯನ್ನು ಹೊಸಬಳನ್ನು ನೋಡುವ ಹಾಗೆ ನೋಡಿದ.

"ನಂಗೆ ಒಂದು ಮಾತು ಹೇಳಬಾರ್ದಾಗಿತ್ತಾ?" ಎಂದ.

"ಎಂತ ಹೇಳದು. ನಿಮ್ಮಪ್ಪಯ್ಯ ಅಲ್ದಾ."

"ನಾನೂ ಕೇಳಿದ್ದೆ, ಹುಂಚದಲ್ಲಿ ಯಾಕೆ ಇಳಿದ್ರಿ ಅಂತ. ಕೆಲ್ಸ ಇತ್ತು ಅಂದ್ರು. ಎಂತ ಕೆಲ್ಸ ಅಂದಿದ್ದಕ್ಕೆ ಎದ್ದು ಗದ್ದೆ ಕಡೆ ಹೋದ್ರು."

ದುಗ್ಗಮ್ಮ ನಿಧಾನವಾಗಿ ಚೀಲದಿಂದ ಸೀರೆಯನ್ನು ಹೊರಗೆ ತೆಗೆದರು. ಅವತ್ತು ಅವರು ಹೋಗಲಿಲ್ಲ. ಆದರೆ ಎಡೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಅಮಾವಾಸ್ಯೆ ಮಾತ್ರ ಹತ್ತಿರ ಬರುತ್ತಲೇ ಇತ್ತು.

*

ಎಡೆಯ ಪಕ್ಕದಲ್ಲಿ ಹೋದವರಿಗೆಂದು ಒಂದು ಹೊಸ ಪಂಚೆ ಇಡಬೇಕು. ಬೆಳ್ಳಪ್ಪನವರು ಪಂಚೆ ತರುತ್ತಿದ್ದುದು ಹುಂಚದ ಮಂಜಯ್ಯನವರ ಅಂಗಡಿಯಿಂದ. ಬೇರೆ ಕಡೆಯದು ಅವರ ಸೊಂಟಕ್ಕೆ ನಿಲ್ಲುವುದಿಲ್ಲ ಎಂಬುದು ಅವರ ವಾದ. ಸೊಸೈಟಿಗೆ ಗೊಬ್ಬರದ ಲಾರಿ ಬರುವ ವಾರವಾದ್ದರಿಂದ ಸುಬ್ಬರಾಯನಿಗೆ ರಜೆ ಇಲ್ಲ. ವರದಮ್ಮನಿಗೆ ಬಸ್ಸಿನಲ್ಲಿ ವಾಂತಿ. ಕಡೆಗೆ ಶರಾವತಿಯೇ ಮಗಳನ್ನು ಕರೆದುಕೊಂಡು ಹೊರಟಳು. ಆ ಊರಿನ ಹೆಸರು ಕೇಳಿದರೇ ಅವಳಿಗೆ ತಗಡಿನ ಬಾಗಿಲು ಬಡಿದ ಸದ್ದು ಕೇಳಿಸುತ್ತಿತ್ತು. ಹಾಗೆಂದು ಹೇಳಿ ಬೇಡ ಎನ್ನಲು ಬಾಯಿ ಬರಲಿಲ್ಲ.

ಮಂಜಯ್ಯನವರ ಅಂಗಡಿ ಮಠದ ದಾರಿಯಲ್ಲಿತ್ತು. ಅವರು ಜೈನರು. ತೆಳ್ಳಗಿನ ಮೈ, ಹಣೆಯಲ್ಲಿ ಗಂಧ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಶರಾವತಿ ಮಾವನ ಹೆಸರು ಹೇಳಿದೊಡನೆ ಅಳತೆಕೋಲು ಕೆಳಗಿಟ್ಟು ಎದ್ದು ನಿಂತರು.

"ಬೆಳ್ಳಪ್ಪನವರ ಸೊಸೆಯಾ ನೀವು? ಕೂತ್ಕೊಳ್ಳಿ ತಾಯಿ, ಕೂತ್ಕೊಳ್ಳಿ." ಮಗುವಿನ ಕಡೆ ಬಾಗಿದರು. "ನಿನ್ನ ಹೆಸರೇನು ಮಗಾ?"

"ಪದ್ಮಾವತಿ."

ಮಂಜಯ್ಯನವರು ಆ ಹೆಸರನ್ನು ತಾವೂ ಒಮ್ಮೆ ಮೆಲ್ಲಗೆ ಹೇಳಿಕೊಂಡರು. ಬೀದಿಯ ಆ ಕಡೆ, ಅಮ್ಮನವರ ಬಸದಿಯತ್ತ ನೋಡಿದರು. "ಇವಳೇ ಹಾಗಾದ್ರೆ," ಎಂದರು.

ಪಂಚೆ ಬಿಡಿಸಿ ತೋರಿಸುತ್ತ, ಎಷ್ಟು ಮೊಳ, ಯಾವ ಅಂಚು ಎಂದೆಲ್ಲ ಕೇಳಿದರು. ಎಡೆಗೆ ಎಂದು ಶರಾವತಿ ಹೇಳಿದಳು. ಸ್ವಲ್ಪ ತಡೆದು, ಯಾಕೆ ಹೇಳುತ್ತಿದ್ದೇನೆಂದು ತನಗೇ ತಿಳಿಯದೆ, "ಮನೇಲಿ ಅದೇ ಜಗಳ. ಎಡೆಗೆ ಎಂತ ಇಡದು ಅಂತ. ಮಾವಯ್ಯ ಕಡೇಲಿ ಮೀನು ಬಿಟ್ಟಿದ್ರು," ಎಂದಳು.

ಮಂಜಯ್ಯನವರು ಪಂಚೆ ಮಡಿಸುವುದನ್ನು ನಿಲ್ಲಿಸಿದರು. ಯಾಕೆ ಬಿಟ್ಟರೆಂದು ಮನೆಯಲ್ಲಿ ಹೇಳಿರಲಿಲ್ಲವೇ ಎಂದು ಕೇಳಿದರು. ಇಲ್ಲ ಎಂದಳು.

"ಯಾರಿಗೂ?"

"ಅತ್ತೆಮ್ಮಂಗೂ ಇಲ್ಲ."

ಮಂಜಯ್ಯನವರು ಪಂಚೆಯನ್ನು ಪಕ್ಕಕ್ಕೆ ಸರಿಸಿ ಕೂತರು. ಆಮೇಲೆ ಹೇಳಿದರು.

"ಅವತ್ತು ಜೋರು ಮಳೆ ತಾಯಿ. ಬೆಳ್ಳಪ್ಪನವರು ಕೊಡೆ ಇಲ್ಲದೆ ಬಂದು ಈ ಕಟ್ಟೆ ಕೆಳಗೆ ನಿಂತ್ರು. ಮೇಲೆ ಬನ್ನಿ ಅಂದ್ರೆ ಬರಲಿಲ್ಲ. ಜೀಪಲ್ಲಿ ಸೊಸೆ ಹೋಗ್ತಾ ಇದಾಳೆ, ಉಳಿಯೋ ಹಾಗೆ ಕಾಣಲ್ಲ, ನಿಮ್ಮ ಅಮ್ಮನವರ ಹತ್ರ ಕೇಳಬೇಕು, ಹೇಗೆ ಕೇಳೋದು ಹೇಳಿ ಅಂದ್ರು. ಒಳಗೆ ಹೋಗೋಣ ಅಂತ ಕರ್ಕೊಂಡು ಹೋದೆ. ಮೆಟ್ಟಿಲ ಹತ್ರ ನಿಂತುಬಿಟ್ರು. 'ಬೆಳಿಗ್ಗೆ ಆ ಪದಾರ್ಥ ತಿಂದು ಬಂದಿದೀನಿ ಮಂಜಯ್ಯ, ನಾನು ಮೆಟ್ಟಿಲು ಹತ್ತಲ್ಲ' ಅಂದ್ರು. ಮಳೇಲೇ ಕೈ ಮುಗಿದು ನಿಂತ್ರು."

ಶರಾವತಿ ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಏನು ಬಿಡ್ತೀರಿ ಅಂತ ನಾನೇ ಕೇಳಿದೆ. ನಮ್ಮಲ್ಲಿ ಏನಾದ್ರೂ ಬಿಟ್ಟು ಕೇಳೋ ಪದ್ಧತಿ. ಜನ ನಾಲ್ಕು ತಿಂಗಳಿಗೆ ಬಿಡ್ತಾರೆ, ವರ್ಷಕ್ಕೆ ಬಿಡ್ತಾರೆ. ಅವರು, 'ನಂಗೆ ಬಹಳ ಇಷ್ಟದ್ದು ನನ್ನ ಸೊಸೆ ಕೈ ಅಡುಗೆಯ ಆ ಪದಾರ್ಥ. ಅದನ್ನೇ ಬಿಟ್ಟೆ. ನನ್ನ ಉಸಿರಿರೋ ತನಕ' ಅಂದ್ರು. ಅಷ್ಟೊಂದು ಬೇಡ, ಒಂದು ವರ್ಷ ಅನ್ನಿ ಅಂದೆ. 'ಕೇಳ್ತಿರೋದು ಜೀವ ಮಂಜಯ್ಯ, ಒಂದು ವರ್ಷದ್ದು ಕೇಳಿಲ್ಲ' ಅಂದ್ರು."

ಬೀದಿಯಲ್ಲಿ ಒಂದು ಎತ್ತಿನ ಗಾಡಿ ಹೋಯಿತು. ಅದು ದಾಟುವವರೆಗೂ ಅವರು ಕಾದರು.

"ಮರುದಿನ ಆಸ್ಪತ್ರೆಯಿಂದ ನೇರ ಇಲ್ಲಿಗೆ ಬಂದ್ರು. ಇಬ್ಬರೂ ಉಳಿದಿದಾರೆ, ಮಗು ನಿಮ್ಮ ಪದ್ಮಾವತಿ ಅಮ್ಮನವರ ಮಗು, ಆ ಹೆಸರೇ ಇಡ್ತೀನಿ ಅಂದ್ರು. ಮನೇಲಿ ಹೇಳಿ ಅಂದೆ. ಬೇಡ ಅಂದ್ರು. 'ಅವಳಿಗೆ ತಿಳಿದ್ರೆ ಬಡಿಸುವಾಗಲೆಲ್ಲ ಅವಳ ಕೈ ನಡುಗುತ್ತೆ. ಇದು ಆ ಹುಡುಗಿ ತಲೆ ಮೇಲೆ ಕೂರಬಾರದು. ನೀವೂ ಹೇಳಕೂಡದು' ಅಂತ ನನ್ನ ಹತ್ರ ಮಾತು ತಗೊಂಡ್ರು."

"ನಾನು ಪಾತ್ರೆ ಕುಕ್ಕಿ ಕುಕ್ಕಿ ಇಡ್ತಿದ್ದೆ," ಎಂದಳು ಶರಾವತಿ.

ಮಂಜಯ್ಯನವರ ಮುಖದಲ್ಲಿ ಸಣ್ಣ ನಗೆ ಬಂತು. "ಅದೂ ಗೊತ್ತು. ಪಂಚೆಗೆ ಬಂದಾಗ ಹೇಳಿದ್ರು. 'ಬೇಳೆ ಸಾರಲ್ಲೂ ಅವಳ ಕೈ ತಿಳಿಯುತ್ತೆ ಮಂಜಯ್ಯ. ಉಪ್ಪು ಕಡಿಮೆ, ಸಿಟ್ಟು ಜಾಸ್ತಿ' ಅಂತ. ನಗ್ತಾನೇ ಹೇಳಿದ್ರು ತಾಯಿ. ಸಿಟ್ಟು ಮಾಡ್ಕೊಳ್ಳೋಕೆ ಅವಳು ಇದಾಳಲ್ಲ, ಅದೇ ಸಾಕು ಅಂದ್ರು."

ಶರಾವತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಮಂಜಯ್ಯನವರು ಒಳಗೆ ಹೋಗಿ ಒಂದು ಲೋಟ ನೀರು ತಂದು ಹತ್ತಿರ ಇಟ್ಟು, ಮಗುವನ್ನು ಬಟ್ಟೆಯ ಸುರುಳಿಗಳ ಕಡೆ ಕರೆದುಕೊಂಡು ಹೋಗಿ ಬಣ್ಣಗಳ ಹೆಸರು ಹೇಳಿಕೊಡುತ್ತ ಕಾಲ ಕಳೆದರು. ಅವಳು ಕಣ್ಣೊರೆಸಿಕೊಂಡು ತಿರುಗಿದ ಮೇಲೆ ಪಂಚೆಯ ಕಟ್ಟನ್ನು ಕೈಗೆ ಕೊಟ್ಟರು.

"ಹಂಗಾರೆ ಎಡೆಗೆ..." ಎಂದು ಅವಳು ಅರ್ಧಕ್ಕೆ ನಿಲ್ಲಿಸಿದಳು.

ಮಂಜಯ್ಯನವರು ಕೈ ಅಡ್ಡ ಮಾಡಿದರು. "ಅದನ್ನ ನನ್ನ ಬಾಯಲ್ಲಿ ಹೇಳಿಸಬೇಡಿ. ಆ ಪದಾರ್ಥ ಮಾಡಿ ಅಂತ ನಾನು ಯಾರಿಗೂ ಹೇಳೋನಲ್ಲ, ಹೇಳಿದ್ರೆ ನನ್ನ ಧರ್ಮ ಉಳಿಯಲ್ಲ. ಅವರ ಮಾತು ಏನಿತ್ತು ಅಂತ ಮಾತ್ರ ಹೇಳಬಲ್ಲೆ. ಉಸಿರಿರೋ ತನಕ ಅಂದ್ರು. ಕೊಟ್ಟ ಮಾತನ್ನ ಕಡೆ ಉಸಿರಿನವರೆಗೆ ನಡೆಸಿದ್ರು. ಅದು ಅಲ್ಲಿಗೆ ಪೂರ್ತಿಯಾಯಿತು. ನನ್ನ ಬಾಯಿಗೆ ಹಾಕಿದ್ದ ಬೀಗವೂ ಅಲ್ಲಿಗೇ ತೆಗೀತು. ಮುಂದಿನದು ನಿಮ್ಮ ಮನೆಯ ವಿಚಾರ."

ಬಸ್ಸು ಬರುವುದಕ್ಕೆ ಹೊತ್ತಿತ್ತು. ಶರಾವತಿ ಮಗಳನ್ನು ಕರೆದುಕೊಂಡು ಬಸದಿಯ ಮೆಟ್ಟಿಲವರೆಗೆ ಹೋದಳು. ಎಲ್ಲಿ ನಿಂತಿದ್ದರೋ ಅವಳಿಗೆ ಗೊತ್ತಿರಲಿಲ್ಲ. ಕೆಳಗಿನ ಮೆಟ್ಟಿಲ ಮುಂದಿನ ಕಲ್ಲಿನ ಮೇಲೆ, ಇಲ್ಲೇ ಇರಬಹುದು ಎಂದುಕೊಂಡು, ಚಪ್ಪಲಿ ಬಿಟ್ಟು ನಿಂತು ಕೈ ಮುಗಿದಳು.

*

ಸಂಜೆ ಎಲ್ಲರೂ ಕಾಫಿಗೆ ಕೂತಾಗ ಹೇಳಿದಳು. ಮಂಜಯ್ಯನವರು ಹೇಳಿದ ಹಾಗೆಯೇ, ಬಿಟ್ಟ ಮಾತಿಲ್ಲದೆ ಹೇಳಿದಳು. ಸುಬ್ಬರಾಯನ ಕೈಯ ಲೋಟ ಬಾಯಿಗೆ ಹೋಗದೆ ಮಧ್ಯದಲ್ಲೇ ನಿಂತಿತು. ದುಗ್ಗಮ್ಮ "ಬೆಳ್ಳಾ" ಎಂದು ಒಂದೇ ಒಂದು ಸಲ ಅಂದರು. ವರದಮ್ಮ ಬಹಳ ಹೊತ್ತು ತಮ್ಮ ಕಾಲಿನ ಬೆರಳುಗಳನ್ನೇ ನೋಡುತ್ತ ಕೂತಿದ್ದರು.

"ನಂಗೂ ಹೇಳಲಿಲ್ಲ," ಎಂದರು ಕಡೆಗೆ. "ನಲವತ್ತು ವರ್ಷ ಜೊತೇಲಿ ಬಾಳಿದೀನಿ. ಪಂಚೆ ಅಂಗಡಿಯೋರಿಗೆ ಹೇಳಿದಾರೆ."

"ನಿಂಗೆ ಹೇಳಿದ್ರೆ ಹಿತ್ಲ ಬಾಗ್ಲು ದಾಟೋದ್ರೊಳಗೆ ಊರಿಗೆಲ್ಲ ಗೊತ್ತಾಗ್ತಿತ್ತು ವರದಾ," ಎಂದರು ದುಗ್ಗಮ್ಮ. ಯಾವತ್ತಿನ ಚುಚ್ಚು ಮಾತೇ ಆದರೂ ದನಿಯಲ್ಲಿ ಮೊನೆ ಇರಲಿಲ್ಲ.

"ಉಳಿಸಿದ್ದು ಡಾಕ್ಟರಮ್ಮ," ಎಂದ ಸುಬ್ಬರಾಯ. ಹೇಳಬೇಕಲ್ಲ ಎಂದು ಹೇಳಿದ ಹಾಗಿತ್ತು.

"ಅಲ್ಲ ಅಂತ ಯಾರು ಅಂದ್ರು?" ಎಂದಳು ಶರಾವತಿ. "ಆ ತಾಯಿನ ದಿನಾ ನೆನಸ್ತೀನಿ. ಅವ್ರು ಒಳಗೆ ನಿಂತಿದ್ರು, ಮಾವಯ್ಯ ಮಳೇಲಿ ನಿಂತಿದ್ರು. ಇಬ್ರೂ ನಂಗೇ ನಿಂತಿದ್ದು."

ಸುಬ್ಬರಾಯ ಲೋಟ ಕೆಳಗಿಟ್ಟು ಎದ್ದು, ಜಗಲಿಯ ಮೂಲೆಯಲ್ಲಿದ್ದ ಅಪ್ಪನ ಕೊಡೆಯನ್ನು ತೆಗೆದು ನೋಡಿದ. ಒಂದು ಕಡ್ಡಿ ಮುರಿದಿತ್ತು. ಅದನ್ನು ಹಾಗೇ ಇಟ್ಟು, "ಮೀನಿಗೆ ಬೆಳಿಗ್ಗೆ ಎಷ್ಟೊತ್ತಿಗೆ ಹೋಗ್ಬೇಕು?" ಎಂದು ಕೇಳಿದ.

"ನಿಂಗೆ ಸತ್ತೋರು ಉಣ್ಣಲ್ವಲ್ಲ?" ಎಂದರು ದುಗ್ಗಮ್ಮ.

"ನಾನು ಉಣ್ತೀನಲ್ಲ."

ವರದಮ್ಮ ಸೊಸೆಯ ಮುಖ ನೋಡಿದರು. "ಅಡುಗೆ ನೀನೇ ಮಾಡದು. ಯಾರೂ ಒಲೆ ಹತ್ರ ಬರಲ್ಲ. ಅತ್ತಿಗಮ್ಮನೂ ಬರಕೂಡ್ದು."

"ನಾನ್ಯಾಕೆ ಬರ್ಲಿ ಮಾರಾಯ್ತಿ. ಉಪ್ಪು ಮಾತ್ರ ಸರಿಯಾಗಿ ಹಾಕು ಅನ್ನು."

*

ಅಮಾವಾಸ್ಯೆಯ ಬೆಳಿಗ್ಗೆ ಸುಬ್ಬರಾಯ ಬೆಳಕು ಹರಿಯುವ ಮೊದಲೇ ಸೈಕಲ್ಲು ಹತ್ತಿ ಹಿನ್ನೀರಿನ ಕಡೆ ಹೋದ. ಬಲೆ ಎತ್ತುವ ಜಾಗದಲ್ಲೇ ನಿಂತು ಆರಿಸಿ, ಎರಡು ದಪ್ಪ ಬಾಳೆಮೀನು ತಂದ. ಸೊಸೈಟಿಗೆ ರಜೆ ಹಾಕಿದ್ದ. ಗೊಬ್ಬರದ ಲಾರಿ ಏನಾಯಿತೆಂದು ಕೇಳಿದ್ದಕ್ಕೆ, ಬಂದರೆ ನಿಂತಿರುತ್ತದೆ ಎಂದ.

ಶರಾವತಿ ಮಿಂದು ಬಂದು ಒಲೆ ಹಚ್ಚಿದಳು. ತವರಿನಿಂದ ತಂದು ಭರಣಿಯಲ್ಲಿ ಇಟ್ಟಿದ್ದ ಉಪ್ಪಾಗೆ ಹುಳಿಯನ್ನು ನೆನೆಹಾಕಿದಳು. ಮೆಣಸು, ಕೊತ್ತಂಬರಿ ಹುರಿದು ಒರಳಿಗೆ ಹಾಕಿ ರುಬ್ಬಿದಳು. ಕಡುಬು ಕಟ್ಟಿ ಹಬೆಗೆ ಇಟ್ಟಳು. ಎಲ್ಲ ಆದ ಮೇಲೆ ಗೂಡಿಗೆ ಕೈ ಹಾಕಿ ಸಣ್ಣ ಅಲ್ಯೂಮಿನಿಯಂ ಪಾತ್ರೆಯನ್ನು ಇಳಿಸಿ, ತೊಳೆದು, ಅದರಲ್ಲಿ ಒಂದು ಹಿಡಿ ಬೇಳೆ ಬೇಯಲು ಇಟ್ಟಳು.

ಬರುವುದಿಲ್ಲ ಎಂದಿದ್ದ ದುಗ್ಗಮ್ಮ ಬಾಗಿಲಲ್ಲಿ ಇಣುಕಿದರು. "ಅದೆಂತಕೆ ಮತ್ತೆ? ಸತ್ತೋನಿಗೂ ಪಥ್ಯವಾ?"

"ಎರಡೂವರೆ ವರ್ಷ ಇದನ್ನೂ ಉಂಡಿದಾರಲ್ಲ ದೊಡ್ಡತ್ತೆ. ಉಪ್ಪು ಕಡಿಮೆ ಇತ್ತಂತೆ. ಒಂದು ಸಲ ಸರಿ ಮಾಡಿ ಹಾಕ್ತೀನಿ."

ದುಗ್ಗಮ್ಮ ಒಂದು ಗಳಿಗೆ ನಿಂತು, "ಹಾಕು, ಹಾಕು," ಎಂದು ಹೋದರು.

ಮಧ್ಯಾಹ್ನ ನಡುಕೋಣೆಯನ್ನು ಸಾರಿಸಿ, ದೀಪ ಹಚ್ಚಿ, ಗೋಡೆಗೆ ಒರಗಿಸಿದ್ದ ಬೆಳ್ಳಪ್ಪನವರ ಫೋಟೋದ ಮುಂದೆ ಎಲೆ ಹಾಕಿದರು. ಪಕ್ಕದಲ್ಲಿ ಹುಂಚದ ಪಂಚೆ, ಎಲೆಯಡಿಕೆ, ಒಂದು ಕಟ್ಟು ಬೀಡಿ. ವರದಮ್ಮ ಅನ್ನ ಬಡಿಸಿದರು, ದುಗ್ಗಮ್ಮ ಪಾಯಸ. ಸುಬ್ಬರಾಯ ನೀರಿನ ಲೋಟ ಇಟ್ಟ. ಆಮೇಲೆ ಶರಾವತಿ ಬಂದಳು. ಮೊದಲು ಸಣ್ಣ ಪಾತ್ರೆ. ಅದನ್ನು ಎರಡೂ ಕೈಯಲ್ಲಿ ಹಿಡಿದು, ನೆಲಕ್ಕೆ ತಾಗಿದ್ದು ತನಗೇ ಕೇಳಿಸದ ಹಾಗೆ ಇಟ್ಟಳು. ಒಂದು ಸೌಟು ಬೇಳೆ ಸಾರು ಬಡಿಸಿದಳು. ಆಮೇಲೆ ಕಡುಬಿನ ಪಕ್ಕದಲ್ಲಿ ಮೀನಿನ ಒಂದು ಹೋಳು, ಮೇಲೆ ಸಾರು. ಹುಳಿಯ ವಾಸನೆ ಕೋಣೆ ತುಂಬಿತು.

ಎಲ್ಲರೂ ಅಡ್ಡಬಿದ್ದು ಎದ್ದರು. ಬಾಗಿಲು ಮುಂದೆ ಮಾಡುವ ಮೊದಲು ಬಡಿಸಿದವರು ಒಂದು ಸಲ ಕೇಳಬೇಕು, ಬದುಕಿದ್ದವರನ್ನು ಕೇಳುವ ಹಾಗೆಯೇ. ಪ್ರತಿ ವರ್ಷ ವರದಮ್ಮ ಕೇಳುತ್ತಿದ್ದರು. ಇವತ್ತು ಅವರು ಹೊಸ್ತಿಲು ದಾಟಿ ಹೊರಗೆ ನಿಂತು, ಸೊಸೆಯ ಕಡೆ ನೋಡಿ ತಲೆ ಅಲ್ಲಾಡಿಸಿದರು.

ಶರಾವತಿ ಎಲೆಯ ಮುಂದೆ ಮತ್ತೆ ಮಂಡಿಯೂರಿ ಕೂತಳು. ಮಗಳು ಅವಳ ಬೆನ್ನಿಗೆ ಅಂಟಿಕೊಂಡು ನಿಂತಿದ್ದಳು. ಮೂರು ವರ್ಷದಿಂದ ನಿಂತಿದ್ದ ಮಾತು ಹೊರಗೆ ಬಂತು.

"ಇನ್ನೊಂದು ಹೋಳು ಹಾಕ್ಲಾ ಮಾವಯ್ಯ?"

ದೀಪ ಉರಿಯುತ್ತಿತ್ತು. ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಸೌಟು ಅದ್ದಿ, ಪಾತ್ರೆಯ ತಳದಲ್ಲಿದ್ದ ದೊಡ್ಡ ಹೋಳನ್ನೇ ಹುಡುಕಿ ತೆಗೆದು, ಎಲೆಗೆ ಹಾಕಿದಳು. ಬಾಗಿಲು ಮುಂದೆ ಮಾಡಿ ಹೊರಗೆ ಬಂದು ಎಲ್ಲರ ಜೊತೆ ಕೂತಳು.

ಪದ್ಮಾವತಿ ಅಮ್ಮನ ಸೆರಗು ಎಳೆದಳು. "ಅಜ್ಜ ಎಂತ ಅಂದ್ರು?"

"ಹಾಕು ಅಂದ್ರು," ಎಂದಳು ಶರಾವತಿ.